ಹೊರಗಡೆಯ ಚಿಲಕ

ಪಲೆರ್ಮೊದ ರೊಕ್ಕಾಮಾರಾ ಅರಮನೆಯಲ್ಲಿ ಮದುವೆಯಾದ ಹೆಂಗಸರು ಬಾಲ್ಕನಿಯಲ್ಲಿ ನಿಂತು ಊರು ಕಾಯುವ ಸಂತ ರೊಸಾಲಿಯಾಳ ಮೆರವಣಿಗೆ ನೋಡುತ್ತಾರೆ. ಮದುವೆಯಾಗದವರು ಜಾಲರಿಯ ಹಿಂದೆ ನಿಂತು ನೋಡುತ್ತಾರೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಆ ಮನೆಯ ಯಾವಳಾದರೂ ಒಬ್ಬಳು ಯಾವತ್ತಾದರೂ ಅದನ್ನು ಹರಿದುಹಾಕುತ್ತಿದ್ದಳು.

ನಿನ್ಫಾಳಿಗೆ ಈಗ ಐವತ್ತಾರು. ಎಳವೆಯಿಂದ ಪ್ರತಿ ಜುಲೈಯಲ್ಲೂ ಅವಳು ಜಾಲರಿಯ ಹಿಂದೆಯೇ ನಿಂತಿದ್ದಾಳೆ. ದೊಡ್ಡ ಹಜಾರದ ಕೊನೆಗೆ ಒಂದು ಕಿರುಕೋಣೆ, ಅದರ ಬೀದಿಯ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ಮರದ ಜಾಲರಿ. ಒಳಗಿನವರಿಗೆ ಬೀದಿ ಚೂರುಚೂರಾಗಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದೇ ಇಲ್ಲ. ಜಾಲರಿಗೆ ಚಿನ್ನದ ಬಣ್ಣ ಬಳಿದಿದ್ದಾರೆ. ಹಣೆ ತಾಗುವ ಎತ್ತರದಲ್ಲಿ ಮಾತ್ರ ಬಣ್ಣ ಸವೆದು ಮರ ನುಣುಪಾಗಿದೆ. ಅದು ನಿನ್ಫಾ ಒಬ್ಬಳ ಹಣೆಯ ಕೆಲಸವಲ್ಲ.

ಈ ಸಲ ಅಣ್ಣ ಕೊರ್ರಾಡೊ ಹಬ್ಬಕ್ಕೆ ಮೊದಲೇ ರೋಮಿನಿಂದ ಬಂದಿಳಿದ. ಜೊತೆಗೆ ಹೆಂಡತಿ ಒಟ್ಟಾವಿಯಾ, ತೊರಿನೊದಲ್ಲಿ ಕೆಲಸದಲ್ಲಿದ್ದ ಮಗಳು ಲಾವಿನಿಯಾ. ಮಿಲಾನಿನ ಒಂದು ಕಂಪನಿ ಶ್ರೀಮಂತರ ಮದುವೆಗಳಿಗೆಂದು ಅರಮನೆಯನ್ನು ಬಾಡಿಗೆಗೆ ಹಿಡಿಯಲಿದೆ, ಬದಲಿಗೆ ಸೂರನ್ನು ಪೂರ್ತಿ ರಿಪೇರಿ ಮಾಡಿಸಿಕೊಡುತ್ತದೆ ಎಂದ. ಮೆರವಣಿಗೆಯ ದಿನ ಆ ಕಂಪನಿಯ ಹೆಂಗಸು, ಸಿನ್ಯೋರಾ ತ್ರೆವಿಸಾನ್, ಬರುತ್ತಾಳಂತೆ. ಅರಮನೆಯ ಚರಿತ್ರೆಯನ್ನು ಅರಮನೆಯ ಮಗಳ ಬಾಯಿಂದಲೇ ಕೇಳಬೇಕೆಂಬುದು ಅವಳ ಆಸೆಯಂತೆ.

ಸೂರು ಎಂಬ ಮಾತಿಗೇ ನಿನ್ಫಾ ತಲೆ ಎತ್ತಿ ಹಜಾರದ ಚಾವಣಿ ನೋಡಿದಳು. ಅಮ್ಮ ತೀರಿಕೊಂಡ ಮೇಲೆ ಆ ಅಷ್ಟು ದೊಡ್ಡ ಮನೆಯಲ್ಲಿ ಅವಳೊಬ್ಬಳೇ. ಚಳಿಗಾಲದ ಮಳೆಗೆ ಹಜಾರದ ತುಂಬ ಬೋಗುಣಿ ಇಟ್ಟುಕೊಂಡು, ಯಾವುದು ತುಂಬಿತೆಂದು ಹನಿಯ ಸದ್ದಿನಲ್ಲೇ ತಿಳಿದುಕೊಂಡು ಬದುಕಿದವಳು. ಹೇಳ್ತೀನಿ ಅಣ್ಣ, ಏನು ಹೇಳಬೇಕೋ ಅದು ಕೊಡು ಎಂದಳು. ಅವನು ಟೈಪು ಮಾಡಿಸಿ ತಂದ ಹಾಳೆಗಳನ್ನು ಕೊಟ್ಟ.

ಅಜ್ಜನ ಮುತ್ತಜ್ಜ ಗೋಧಿ ವ್ಯಾಪಾರದಲ್ಲಿ ಗಳಿಸಿ ಅರಮನೆ ಕಟ್ಟಿಸಿದ್ದು, ಹಜಾರದಲ್ಲಿ ವೈಸರಾಯ್ ನರ್ತಿಸಿದ್ದು, ಯುದ್ಧದ ಬಾಂಬಿಗೆ ಹಿಂಬದಿಯ ಅಂಗಳದ ಗೋಡೆ ಕುಸಿದದ್ದು, ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ಜಾಲರಿಯ ಮಾತು ಬಂತು. ಈ ಮನೆತನದ ಹೆಣ್ಣುಮಕ್ಕಳು ಕಾಡಿನ ಗುಹೆ ಸೇರಿದ ಸಂತ ರೊಸಾಲಿಯಾಳ ಹಾಗೆ ಲೋಕದ ಸುಖವನ್ನು ತಾವಾಗಿಯೇ ತೊರೆದು, ಸಂಕೋಚದಿಂದ ಈ ಮರೆಯನ್ನು ಆರಿಸಿಕೊಂಡರು ಎಂದಿತ್ತು.

ತಾವಾಗಿಯೇ. ನಿನ್ಫಾ ಆ ಮಾತನ್ನು ಮತ್ತೆ ಮತ್ತೆ ಓದಿದಳು.

ಆಸ್ತಿ ಒಡೆಯದೆ ಹಿರಿಮಗನಿಗೇ ಉಳಿಯಲೆಂದು ಈ ಮನೆಯಲ್ಲಿ ಒಬ್ಬಳಿಗೆ ಮಾತ್ರ ಮದುವೆ ಮಾಡುತ್ತಿದ್ದರು. ಉಳಿದವರನ್ನು ಹನ್ನೆರಡು ತುಂಬುತ್ತಲೇ ಜಾಲರಿಯ ಈ ಕೋಣೆಗೆ ಸೇರಿಸುತ್ತಿದ್ದರು, ನಾಲ್ಕು ವರ್ಷದ ಮೇಲೆ ಹಿಂದಿನ ಬೀದಿಯ ಸನ್ಯಾಸಿನಿಯರ ಕಾನ್ವೆಂಟಿಗೆ. ಹೋಗುವ ದಿನ ಹುಡುಗಿಗೆ ಮದುಮಗಳ ರೇಷ್ಮೆ ತೊಡಿಸಿ, ಊರಿಗೆಲ್ಲ ತೋರಿಸಿ, ಒಳಗೆ ಕರೆದೊಯ್ದು ಕೂದಲು ಕತ್ತರಿಸುತ್ತಿದ್ದರು. ಬಿಚ್ಚಿದ ರೇಷ್ಮೆಯಲ್ಲಿ ಪಾದ್ರಿಗೆ ಪೂಜೆಯ ಮೇಲಂಗಿ ಹೊಲಿಸುತ್ತಿದ್ದರು. ರೇಷ್ಮೆ ದಂಡವಾಗಬಾರದಲ್ಲ. ಹುಡುಗಿ ದಂಡವಾದದ್ದಕ್ಕೆ ಯಾರಿಗೂ ಸಂಕಟವಿರಲಿಲ್ಲ. ಮನೆಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಕೊರ್ರಾಡೊಗಂತೂ ಚೆನ್ನಾಗಿ ಗೊತ್ತು. ಚಿಕ್ಕವನಿದ್ದಾಗ ತಂಗಿಯನ್ನು ಆ ಕೋಣೆಗೆ ತಳ್ಳಿ ಚಿಲಕ ಹಾಕುವುದು ಅವನ ನೆಚ್ಚಿನ ಆಟವಾಗಿತ್ತು. ಅವಳು ಬಾಗಿಲು ಬಡಿಯುತ್ತಿದ್ದಳು, ಅಮ್ಮ ನಗುತ್ತಿದ್ದಳು. ಆ ಬಾಗಿಲಿಗೆ ಚಿಲಕವಿರುವುದು ಹಜಾರದ ಕಡೆಗೆ ಮಾತ್ರ.

"ಈ ಕೊನೇ ಮಾತು ನಾನು ಹೇಳಲ್ಲ ಅಣ್ಣ," ಎಂದಳು.

"ಮದ್ವೆ ಮಾಡ್ಕೊಳ್ಳೋಕೆ ಬರೋವ್ರಿಗೆ ಜೈಲಿನ ಕಥೆ ಹೇಳ್ತಾರಾ ಯಾರಾದ್ರೂ?" ಕೊರ್ರಾಡೊ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ. "ಸತ್ತು ಮಣ್ಣಾದವ್ರು. ಅವ್ರಿಗೆ ಈಗ ಏನಾಗ್ಬೇಕು? ಸೂರು ಬೇಕೋ ಬೇಡ್ವೋ, ನೀನೇ ಹೇಳು."

ಅವಳು ಹಾಳೆಗಳನ್ನು ಮಡಚಿ ಇಟ್ಟುಕೊಂಡಳು. ಸೂರು ಅವಳಿಗೂ ಬೇಕಿತ್ತು. ಇಟ್ಟುಕೊಂಡ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಅವನ ಮೇಲಿನ ಸಿಟ್ಟಿಗಿಂತ ಅದು ಹೆಚ್ಚು ಉರಿಯಿತು.

ಮೆರವಣಿಗೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಒಟ್ಟಾವಿಯಾ ಕಲ್ಲಂಗಡಿಯ ಹಲ್ವದ ಮೇಲೆ ಮಲ್ಲಿಗೆ ಹೂ ಜೋಡಿಸುತ್ತ ಕೂತಿದ್ದಳು. ತಲೆ ಎತ್ತದೆಯೇ, ಲಾವಿನಿಯಾ ಈ ಸಲ ನಿನ್ನ ಜೊತೆ ಒಳಗೇ ನಿಲ್ಲಲಿ ಎಂದು ನಿನ್ಫಾಳಿಗೆ ಹೇಳಿದಳು. ನಿಶ್ಚಯವಾದ ಮದುವೆಯನ್ನು ಆ ಹುಡುಗಿ ವಸಂತದಲ್ಲಿ ತಾನೇ ಮುರಿದುಕೊಂಡಿದ್ದಳು. ಕಳೆದ ವರ್ಷ ಭಾವೀ ಗಂಡನ ಪಕ್ಕ ಬಾಲ್ಕನಿಯಲ್ಲಿ ನಿಂತವಳು. ಈ ವರ್ಷ ಒಬ್ಬಳೇ ನಿಂತರೆ ಬೀದಿಯವರು ತಲೆ ಎತ್ತಿ ನೋಡಿ ಲೆಕ್ಕ ಹಾಕುತ್ತಾರೆ, ಬಂದ ಅತಿಥಿ ಕೇಳುತ್ತಾಳೆ, ಏನಂತ ಹೇಳುವುದು ಎಂದು ತನ್ನ ಕಷ್ಟ ಹೇಳಿಕೊಂಡಳು.

ಬಾಗಿಲಲ್ಲೇ ನಿಂತಿದ್ದ ಲಾವಿನಿಯಾ ನಕ್ಕಳು.

"ಅಲ್ಲಿ ಗಾಳಿಯಾದ್ರೂ ಬರುತ್ತಾ ಅತ್ತೆ? ಇಲ್ಲಾ ಅದೂ ಮದ್ವೆ ಆದವ್ರಿಗೆ ಮಾತ್ರಾನಾ?"

ನಗು ತುಟಿಯಲ್ಲಷ್ಟೇ ಇತ್ತು. ಅವಳು ವಾದ ಮಾಡಲಿಲ್ಲ, ತಟ್ಟೆಯಿಂದ ಒಂದು ಮಲ್ಲಿಗೆ ಎತ್ತಿಕೊಂಡು ಹೋದಳು. ವಾದ ಮಾಡದೆ ಹೋದದ್ದೇ ನಿನ್ಫಾಳ ಎದೆಗೆ ನಾಟಿತು. ತಾನೂ ಹಾಗೆಯೇ, ಪ್ರತಿ ವರ್ಷ, ಒಂದು ಸಂಜೆಯ ಮಾತು ತಾನೇ ಎಂದುಕೊಂಡು ಒಳಗೆ ಹೋಗಿ ನಿಂತವಳು. ಒಂದೊಂದೇ ಸಂಜೆ ಸೇರಿ ಒಂದು ಆಯುಸ್ಸಾಗಿತ್ತು.

ಸಿನ್ಯೋರಾ ತ್ರೆವಿಸಾನ್ ಬಿಸಿಲಿರುವಾಗಲೇ ಬಂದಳು. ಬೀಸಣಿಗೆ ಹಿಡಿದ, ಸ್ಥೂಲಕಾಯದ, ಒಳ್ಳೆಯ ಹೆಂಗಸು. ಕಂಡದ್ದಕ್ಕೆಲ್ಲ ಬೆರಗಾಗುತ್ತಿದ್ದಳು. ನಿನ್ಫಾ ಗೋಧಿಯ ಕಥೆ ಹೇಳಿದಳು, ವೈಸರಾಯನ ಕಥೆ ಹೇಳಿದಳು, ಬಾಂಬಿನ ಕಥೆಯನ್ನೂ ಹೇಳಿದಳು. ಬೀದಿಯ ದೂರದ ತುದಿಯಿಂದ ಬ್ಯಾಂಡಿನ ಸದ್ದು ಕೇಳತೊಡಗಿತ್ತು. ಲಾವಿನಿಯಾ ಬಿಟ್ಟು ಎಲ್ಲರೂ ಕಿರುಕೋಣೆಯ ಬಾಗಿಲಿಗೆ ಬಂದರು. ಸಿನ್ಯೋರಾ ಒಳಗೆ ಹೋಗಿ ಜಾಲರಿಗೆ ಹಣೆ ಹಚ್ಚಿ, ಎಷ್ಟು ಚೆಂದ ಎಂದಳು. ಒಟ್ಟಾವಿಯಾ ಅವಳ ಹಿಂದೆ ಹೋದಳು. ಇಲ್ಲಿ ಮದುಮಗಳನ್ನು ಸಿಂಗರಿಸಬಹುದು ಎಂದು ಕೊರ್ರಾಡೊ ಕನ್ನಡಿ ಎಲ್ಲಿ ಬರಬೇಕೆಂದು ಕೈಯಿಂದ ತೋರಿಸುತ್ತ ಒಳಗೆ ನಡೆದ. ನಿನ್ಫಾ ಹೊಸ್ತಿಲಿನಾಚೆಯೇ ಉಳಿದಳು.

"ಹೇಳು ನಿನ್ಫಾ, ನಮ್ಮ ಹುಡುಗೀರ ಕಥೆ," ಎಂದ.

ಅವಳು ಬಾಯಿ ತೆರೆದಳು. ಅಣ್ಣನ ಮುಖದಲ್ಲಿ ಚಿಕ್ಕಂದಿನ ಅದೇ ನಿಶ್ಚಿಂತೆ. ತಂಗಿ ಹೇಳಿಯೇ ಹೇಳುತ್ತಾಳೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಿನ್ಫಾ ಬಾಗಿಲನ್ನು ಎಳೆದುಕೊಂಡು ಚಿಲಕ ಸರಿಸಿದಳು. ಕಬ್ಬಿಣ ತಣ್ಣಗಿತ್ತು, ಎಣ್ಣೆ ಹಾಕಿಟ್ಟಷ್ಟು ಸಲೀಸಾಗಿ ಸರಿಯಿತು.

ಹಜಾರ ದಾಟಿ ಬಾಲ್ಕನಿಯ ಬಾಗಿಲನ್ನು ಎರಡೂ ಕಡೆಗೆ ತೆರೆದು, ಮೆಟ್ಟಿಲ ಬಳಿ ಒಬ್ಬಳೇ ಕೂತಿದ್ದ ಲಾವಿನಿಯಾಳನ್ನು ಬಾ ಎಂದು ಕರೆದಳು. ಇಬ್ಬರೂ ಹೊರಗೆ ನಿಂತರು. ಕಂಬಿ ದಿನದ ಬಿಸಿಲಿಗೆ ಕಾದು ಸುಡುತ್ತಿತ್ತು. ಇದು ಹೀಗೆ ಸುಡುತ್ತದೆಂದು ಅಮ್ಮ ಯಾವತ್ತೂ ಹೇಳಿರಲಿಲ್ಲ. ಕೆಳಗೆ ಬಸವನಹುಳು ಬೇಯಿಸಿ ಮಾರುವವರ ಬೆಳ್ಳುಳ್ಳಿಯ ಘಾಟು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಗಂಡಸರು. ಅವರ ತಲೆಗಳ ಮೇಲಿಂದ ಸಂತಳ ಅಸ್ಥಿಗಳಿದ್ದ ಬೆಳ್ಳಿಯ ಪೆಟ್ಟಿಗೆ ಚೂರಾಗದೆ, ಇಡಿಯಾಗಿ ಬಂತು.

ಹಿಂದಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು.

"ಅತ್ತೆ, ಅದು ಅಪ್ಪಾನಾ?"

"ಹೂಂ. ನೀನು ಮೆರವಣಿಗೆ ನೋಡು. ರೊಸಾಲಿಯಾ ಕಾಡಿಗೆ ಹೋದಾಗ ಅವಳ ಗುಹೆಗೆ ಯಾರೂ ಚಿಲಕ ಹಾಕಿರ್ಲಿಲ್ಲ. ಅವಳು ತನ್ನ ಕಾಲಲ್ಲಿ ನಡ್ಕೊಂಡು ಹೋದೋಳು. ಅವಳ ಹೆಸ್ರನ್ನ ಈ ಮನೆಯವ್ರು ಯಾವ ಬಾಯಲ್ಲಿ ಹೇಳ್ತಾರೆ?"

ಪೆಟ್ಟಿಗೆ ಮುಂದಿನ ಕೂಡುರಸ್ತೆ ದಾಟಿದ ಮೇಲೆ ಅವಳು ಹೋಗಿ ಚಿಲಕ ತೆಗೆದಳು. ಒಟ್ಟಾವಿಯಾ ಮುಖ ತಿರುಗಿಸಿಕೊಂಡು ಹೊರಬಿದ್ದಳು. ಕೊರ್ರಾಡೊನ ಅಂಗಿ ಬೆವರಿಗೆ ಮೈಗಂಟಿತ್ತು. ಸೂರು ಬಿದ್ದುಹೋಗಲಿ, ನೀನು ಅದರ ಕೆಳಗೇ ಸಾಯಿ ಎಂದು ಹಲ್ಲು ಕಚ್ಚಿಕೊಂಡು ಹೇಳಿದ. ಸಿನ್ಯೋರಾ ತ್ರೆವಿಸಾನ್ ಎಲ್ಲರಿಗಿಂತ ಕೊನೆಗೆ ಬಂದಳು. ಅವಳ ಹಣೆಯ ಮೇಲೆ ಜಾಲರಿಯ ಗೆರೆ ಕೆಂಪಗೆ ಮೂಡಿತ್ತು. ಬೈಯುತ್ತಾಳೆಂದು ನಿನ್ಫಾ ಕಾದಳು. ಅವಳು ಬಾಗಿಲಿನ ಒಳಮೈ ಸವರಿ ನೋಡಿದಳು, ಆಮೇಲೆ ಹೊರಗಿನ ಚಿಲಕವನ್ನು ನೋಡಿದಳು.

"ಎಷ್ಟು ವಯಸ್ಸಿತ್ತು ಆ ಹುಡುಗೀರಿಗೆ?" ಎಂದಳು.

"ಹನ್ನೆರಡು," ಎಂದಳು ನಿನ್ಫಾ. "ಉಳಿದದ್ದನ್ನ ನಮ್ಮಣ್ಣ ಹೇಳ್ತಾನೆ. ಅವನಿಗೆಲ್ಲ ಗೊತ್ತು. ಹೇಳು ಅಣ್ಣ, ಈಗಷ್ಟೇ ಒಳಗಿದ್ದು ಬಂದಿದೀಯ. ತಾವಾಗೇ ಹೋಗಿದ್ರಾ?"

ನಿನ್ಫಾ ಅವನ ಉತ್ತರಕ್ಕೆ ನಿಲ್ಲಲಿಲ್ಲ. ಬೀದಿಯಲ್ಲಿ ಬ್ಯಾಂಡಿನವರು ಇನ್ನೂ ಹಾದುಹೋಗುತ್ತಿದ್ದರು. ಅವಳು ಬಾಲ್ಕನಿಗೆ ಮರಳಿ, ಲಾವಿನಿಯಾಳ ಪಕ್ಕದಲ್ಲಿ, ಸುಡುವ ಕಂಬಿಯ ಮೇಲೆ ಎರಡೂ ಕೈ ಊರಿ ನಿಂತಳು.