ಹುಹಾನಾ ಆಂಟಿ ಆರಿಸಿದ ಕ್ಯಾಸಿನೊ

ಭೂಗೋಳದ ದಕ್ಷಿಣ ತುದಿಯ ನಮ್ಮ ಬಂದರೂರು ಬ್ಲಫ್‌ನಲ್ಲಿ ದಕ್ಷಿಣದ ಗಾಳಿ ಎದ್ದರೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಬೋಟು ಇಳಿಯದಿದ್ದರೆ ಸಿಂಪಿ ಬರುವುದಿಲ್ಲ, ಸಿಂಪಿ ಬರದಿದ್ದರೆ ಚಿಪ್ಪು ತೆರೆದು ಮಾಂಸ ಬಿಡಿಸುವ ನಮಗೆ ಕೆಲಸವಿಲ್ಲ. ನಮ್ಮಲ್ಲಿ ಚಳಿಗಾಲ ಕಾಲಿಡುವ ಆ ಮೇ ತಿಂಗಳಲ್ಲಿ ಸೋಮವಾರ ಎದ್ದ ಗಾಳಿ ಬುಧವಾರವಾದರೂ ಮಲಗಿರಲಿಲ್ಲ. ನಾವು ಆರು ಜನ ಶೆಡ್ಡಿನ ಟೀ ಕೋಣೆಯಲ್ಲಿ ಹೀಟರಿಗೆ ಗಂಬೂಟು ಚಾಚಿಕೊಂಡು ಕುಳಿತಿದ್ದೆವು. ಮೂವತ್ತು ವರ್ಷದಿಂದ ಸಿಂಪಿಗೆ ಚಾಕು ಹಾಕುತ್ತಿರುವ ನನ್ನ ಕೈಗಳಿಗೆ ಸುಮ್ಮನೆ ಇರಲು ಬರುವುದಿಲ್ಲ. ಅದಕ್ಕೇ ಏನೋ, ರಾವಿರಿ ಬಾಗಿಲು ತಳ್ಳಿಕೊಂಡು ಬಂದಾಗ ನನಗೆ ಖುಷಿಯೇ ಆಯಿತು.

ರಾವಿರಿ ಸಿಂಪಿ ಬೋಟಿನಲ್ಲಿ ಕೆಲಸ ಮಾಡುವವನು. ನಲವತ್ತೊಂದು ವರ್ಷ, ಬಾಗಿಲಿನಷ್ಟು ಅಗಲ, ಏನಾದರೂ ಹೊಸದು ಕಂಡರೆ ಮುಖವೆಲ್ಲ ಹಲ್ಲು. ಅವನ ಮೊಬೈಲಿನಲ್ಲಿ ಚಿನ್ನದ ಡ್ರ್ಯಾಗನ್ ಒಂದು ಬೆಂಕಿಯ ಬದಲು ನಾಣ್ಯ ಉಗುಳುತ್ತಿತ್ತು.

"ಐವತ್ತು ಡಾಲರ್ ಹಾಕಿದ್ರೆ ಇನ್ನೂರು ಡಾಲರ್ ಬೋನಸ್ ಕೊಡ್ತಾರೆ! ಮನೇಲೇ ಕೂತು ಕ್ಯಾಸಿನೊ ಆಡೋದು. ಎಲ್ಲರೂ ಹತ್ತತ್ತು ಹಾಕಿ, ಒಟ್ಟಿಗೆ ಆಡೋಣ."

"ಕೊಡು ಇಲ್ಲಿ," ಎಂದು ಹುಹಾನಾ ಆಂಟಿ ಕನ್ನಡಕ ಮೂಗಿಗೇರಿಸಿದರು.

ಹುಹಾನಾ ಆಂಟಿ ರಾವಿರಿಯ ತಾಯಿಯ ಅಕ್ಕ. ಶೆಡ್ಡಿನಲ್ಲಿ ಎಲ್ಲರಿಗೂ ಆಂಟಿಯೇ. ಈಗ ಎಪ್ಪತ್ತೆರಡು, ಇನ್ನೂ ನಮ್ಮ ಜೊತೆ ಸಿಂಪಿ ಬಿಡಿಸುತ್ತಾರೆ. ಬ್ಲಫ್‌ಗೆ ವಾಪಸು ಬರುವ ಮುನ್ನ ದೊಡ್ಡ ಊರಿನ ಕ್ಯಾಸಿನೊ ಒಂದರಲ್ಲಿ ಹತ್ತೊಂಬತ್ತು ವರ್ಷ ದುಡ್ಡು ಕೊಡುವ ಕಿಟಕಿಯ ಹಿಂದೆ ಕುಳಿತಿದ್ದವರು. ಗೆದ್ದವರು, ಸೋತವರು, ಗೆದ್ದದ್ದನ್ನು ಅರ್ಧ ಗಂಟೆಯಲ್ಲಿ ವಾಪಸು ತಂದು ಸುರಿದವರು, ಎಲ್ಲರ ಮುಖವನ್ನೂ ಆ ಕಿಟಕಿಯಿಂದ ನೋಡಿದ್ದವರು.

ಆಂಟಿ ಡ್ರ್ಯಾಗನ್ನಿನ ಕಡೆ ನೋಡಲೇ ಇಲ್ಲ. ಬೆರಳಿನಿಂದ ಪುಟವನ್ನು ಸರಸರ ಮೇಲೆ ತಳ್ಳಿ ತಳಕ್ಕೆ ಹೋದರು. ಅಲ್ಲೊಂದು ಮುದ್ರೆ ಇತ್ತು, ಪರವಾನಗಿ ಇದೆ ಎಂದು ಬರೆದಿತ್ತು. ಅದರ ಮೇಲೆ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ನಿಜವಾದ ಮುದ್ರೆ ಒತ್ತಿದ್ರೆ ಪರವಾನಗಿ ಕೊಟ್ಟ ಕಚೇರಿಯ ಪುಟ ತೆರ್ಕೋಬೇಕು. ಅಲ್ಲಿ ಇವರ ಹೆಸರು, ನಂಬರು ಇರಬೇಕು. ಇದು ಬರೀ ಚಿತ್ರ ಕಣೋ, ಗೋಡೆಗೆ ಅಂಟಿಸಿದ ಹಾಗೆ."

"ಅಯ್ಯೋ, ಮೊಬೈಲ್ ನಿಧಾನ ಇದೆ ಆಂಟಿ."

"ನಿನ್ನ ತಲೆ ನಿಧಾನ ಇದೆ. ಇಲ್ಲಿ ಓದು. ಈ ಇನ್ನೂರು ಡಾಲರನ್ನ ಐವತ್ತು ಸಲ ಆಡಿ ತಿರುಗಿಸಿದ ಮೇಲೇನೇ ದುಡ್ಡು ತೆಗೀಬಹುದಂತೆ. ಅಂದ್ರೆ ಹತ್ತು ಸಾವಿರದ ಆಟ! ಅಷ್ಟೊತ್ತಿಗೆ ನಿನ್ನ ಪ್ಯಾಂಟೂ ಉಳಿಯಲ್ಲ."

ನಾವೆಲ್ಲ ನಕ್ಕೆವು. ರಾವಿರಿಗೆ ಕೋಪ ಬಂತು. "ನಿಮಗೆ ಕಿಟಕಿ ಹಿಂದೆ ಕೂತು ಕೂತು ಎಲ್ಲರೂ ಕಳ್ಳರ ಹಾಗೆ ಕಾಣ್ತಾರೆ."

ಆಗ ಬಾಯಿ ಹಾಕಿದವಳು ಬ್ರಾನ್ವಿನ್. ನನ್ನ ಪಕ್ಕದ ಮಣೆಯಲ್ಲಿ ಸಿಂಪಿ ಬಿಡಿಸುವ ಅವಳ ಚಾಕುವಿಗಿಂತ ನಾಲಿಗೆಯೇ ಚುರುಕು. "ಸರಿ, ಪಂಥ ಕಟ್ಟಿ! ರಾವಿರಿ ಅವನ ಡ್ರ್ಯಾಗನ್ ಜೊತೆ ಆಡ್ಲಿ. ಆಂಟಿ, ನೀವೊಂದು ಹುಡುಕಿ, ನಾವು ಆರು ಜನ ಅದರಲ್ಲಿ ಆಡ್ತೀವಿ. ಶನಿವಾರ ಬೆಳಿಗ್ಗೆ ನೋಡೋಣ ಯಾರು ಮೇಲೆ ಅಂತ."

ಆಂಟಿ ಟೀ ಲೋಟ ಕೆಳಗಿಟ್ಟರು. "ಒಂದು ಮಾತು. ಒಬ್ಬೊಬ್ಬರದು ಹತ್ತೇ ಡಾಲರ್. ಅದು ಹೋಯ್ತು ಅಂದ್ಕೊಂಡೇ ಕೊಡಬೇಕು, ಸಿನಿಮಾ ಟಿಕೆಟ್ ತಗೊಂಡ ಹಾಗೆ. ಒಂದು ಗಂಟೆ ಆಟ. ಒಪ್ಪಿಗೆನಾ?"

ಒಪ್ಪಿದೆವು. ರಾವಿರಿ ಮೊಬೈಲು ಕಿತ್ತುಕೊಂಡು ಗಾಳಿಯೊಳಗೆ ನಡೆದುಬಿಟ್ಟ.

ಮರುದಿನ ಆಂಟಿಯ ಅಡಿಗೆಮನೆಗೆ ಹೋದರೆ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕಾಗದ. ಮೂರು ಸೈಟುಗಳ ಹೆಸರು ಬರೆದು ಗೀಟು ಎಳೆದಿದ್ದರು. ಒಂದರಲ್ಲಿ ಕಂಪನಿ ಯಾವ ಊರಿನದು ಎಂದೇ ಇರಲಿಲ್ಲ. ಇನ್ನೊಂದರಲ್ಲಿ ದುಡ್ಡು ಸಿಗಲಿಲ್ಲವೆಂಬ ದೂರುಗಳ ಸಾಲು. ಮೂರನೆಯದಕ್ಕೆ ಆಂಟಿ "ಗೆದ್ದ ದುಡ್ಡು ಎಷ್ಟು ದಿನಕ್ಕೆ ಕೊಡ್ತೀರಿ?" ಎಂದು ಬರೆದು ಕೇಳಿದ್ದಕ್ಕೆ, "ಪ್ರಿಯ ಗ್ರಾಹಕರೇ, ನಿಮಗೊಂದು ಉಡುಗೊರೆ ಕಾದಿದೆ" ಎಂಬ ಉತ್ತರ ಬಂದಿತ್ತಂತೆ.

ನಾಲ್ಕನೆಯದು ಉಳಿದಿತ್ತು. ಬೂದು ಬಣ್ಣದ ಪುಟ, ಪ್ರಾಣಿಯೂ ಇಲ್ಲ, ನಾಣ್ಯವೂ ಇಲ್ಲ. ಮುದ್ರೆ ಒತ್ತಿದರೆ ಪರವಾನಗಿ ಕಚೇರಿಯ ಪುಟವೇ ತೆರೆದುಕೊಂಡಿತು, ನಂಬರು ತಾಳೆಯಾಯಿತು. ಆಂಟಿ ತಮ್ಮ ಗುರುತಿನ ಪತ್ರ ಮೊದಲೇ ಕಳಿಸಿ ಒಪ್ಪಿಗೆ ಪಡೆದಿದ್ದರು.

"ಹತ್ತು ಡಾಲರ್ ಹಾಕಿ, ಸ್ವಲ್ಪ ಆಡಿ, ಉಳಿದ ಏಳನ್ನ ವಾಪಸ್ ಕೇಳಿದೀನಿ ನೋಲೀನ್," ಎಂದರು ನನಗೆ. "ಏಳು ಡಾಲರ್ ಕೊಡೋಕೆ ತಕರಾರು ಮಾಡೋನು ಏಳು ಸಾವಿರ ಕೊಡ್ತಾನಾ?"

ಶುಕ್ರವಾರ ಮಧ್ಯಾಹ್ನ ಏಳು ಡಾಲರ್ ಬ್ಯಾಂಕಿಗೆ ಬಂತು. ಆಂಟಿ ನನಗೆ ಫೋನು ಮಾಡಿ ಹೇಳಿದ ರೀತಿ ನೋಡಿದರೆ ಲಾಟರಿಯೇ ಹೊಡೆದಂತಿತ್ತು. ಆಮೇಲೆ ಸೈಟಿನಲ್ಲಿಯೇ ಮಿತಿ ಹಾಕಿದರು: ವಾರಕ್ಕೆ ಅರವತ್ತಕ್ಕಿಂತ ಹೆಚ್ಚು ಸೇರಿಸುವಂತಿಲ್ಲ, ಆಟ ಒಂದು ಗಂಟೆ ಮೀರುವಂತಿಲ್ಲ.

ಶನಿವಾರ ಹತ್ತು ಗಂಟೆಗೆ ಆರು ಜನವೂ ಆ ಸಣ್ಣ ಅಡಿಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತೆವು. ಒಲೆಯಲ್ಲಿ ಬ್ರೆಡ್ಡಿಗೆ ಚೀಸ್ ಸವರಿ ಸುತ್ತಿದ ಚೀಸ್ ರೋಲ್ ಬೇಯುತ್ತಿತ್ತು. ಹೊರಗೆ ಗಾಳಿ ಕೊನೆಗೂ ಇಳಿದಿತ್ತು. ಪರದೆಯ ಮೇಲೆ ಎಲ್ಲೋ ದೂರದೇಶದ ಹುಡುಗಿಯೊಬ್ಬಳು ತೋಳಿಲ್ಲದ ಅಂಗಿ ತೊಟ್ಟು ರೂಲೆಟ್ ಚಕ್ರ ತಿರುಗಿಸುತ್ತಿದ್ದಳು. "ಪಾಪ, ಚಳಿ ಆಗಲ್ವಾ ಅವಳಿಗೆ," ಎಂದಳು ಬ್ರಾನ್ವಿನ್.

ಸರದಿಯಂತೆ ಒಬ್ಬೊಬ್ಬರು ಅಂಕಿ ಹೇಳುವುದು, ಗೋಲಿ ಅದಕ್ಕೇ ಬಿದ್ದರೆ ಹಾಕಿದ್ದರ ಮೂವತ್ತಾರರಷ್ಟು ಕೈಗೆ. ಬಿಳಿ ಗೋಲಿ ಚಕ್ರದ ಅಂಚಿನಲ್ಲಿ ಓಡಿ, ಕುಪ್ಪಳಿಸಿ, ಪಕ್ಕದ ಮನೆಗೆ ಬೀಳುತ್ತಿತ್ತು. ನಮ್ಮ ಅಂಕಿಗೆ ಮಾತ್ರ ಬೀಳಲಿಲ್ಲ. ಅರವತ್ತು ನಲವತ್ತಾಯಿತು, ನಲವತ್ತು ಇಪ್ಪತ್ತೆರಡಾಯಿತು. ನಲವತ್ತೈದು ನಿಮಿಷ ಕಳೆಯುವ ಹೊತ್ತಿಗೆ ಒಂಬತ್ತು ಡಾಲರ್ ಉಳಿದಿತ್ತು.

"ಹದಿನೇಳಕ್ಕೆ ಐದು," ಎಂದಳು ಬ್ರಾನ್ವಿನ್.

"ಐದೂ ಒಂದೇ ಸಲಕ್ಕಾ?"

"ನನ್ನ ಸರದಿ, ನನ್ನ ಇಷ್ಟ."

ಗೋಲಿ ಓಡಿತು. ನಿಧಾನವಾಯಿತು. ಎರಡು ಸಲ ಹಾರಿತು, ಇಪ್ಪತ್ತೈದರ ಮನೆಯಲ್ಲಿ ಇಣುಕಿತು, ಅಲ್ಲಿಂದ ಜಾರಿ ಹದಿನೇಳರಲ್ಲಿ ಕುಳಿತುಬಿಟ್ಟಿತು.

ನೂರ ಎಂಬತ್ತು ಡಾಲರ್! ಬ್ರಾನ್ವಿನ್ ಕುರ್ಚಿಯ ಮೇಲೆ ಹತ್ತಿ ನಿಂತಳು. ಯಾರೋ ನನ್ನ ಬೆನ್ನಿಗೆ ಗುದ್ದಿದರು. ಮುಂದಿನ ಸರದಿ ನನ್ನದು. "ಎಂಟಕ್ಕೆ ಹತ್ತು," ಎಂದೆ. ಯಾಕೆ ಎಂಟು ಎಂದು ಈಗಲೂ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದು. ಗೋಲಿ ಓಡುವಾಗ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರ ಕಿರುಚಾಟ ಕೇಳಿ ಕಣ್ಣು ಬಿಟ್ಟರೆ ಪರದೆಯ ಮೇಲೆ ಐನೂರ ಮೂವತ್ತನಾಲ್ಕು ಡಾಲರ್ ಎಂದು ಬರೆದಿತ್ತು.

"ಎಲ್ಲಾನೂ ಕೆಂಪಿಗೆ ಹಾಕಿ!" ಬ್ರಾನ್ವಿನ್ ಕೂಗಿದಳು. "ಗೋಲಿ ಕೆಂಪು ಮನೆಗೆ ಬಿದ್ರೆ ದುಪ್ಪಟ್ಟು, ಸಾವಿರ!"

"ದುಡ್ಡು ತೆಗೀರಿ," ಎಂದರು ಆಂಟಿ.

"ಇನ್ನೂ ಒಂಬತ್ತು ನಿಮಿಷ ಇದೆ ಆಂಟಿ! ಅದೃಷ್ಟ ಬಾಗಿಲಿಗೆ ಬಂದು ನಿಂತಿದೆ!"

ಅಷ್ಟರಲ್ಲಿ ಆಂಟಿಯ ಫೋನು ಹೊಡೆದುಕೊಂಡಿತು. ರಾವಿರಿ. ಅವನ ದನಿ ಇಡೀ ಅಡಿಗೆಮನೆಗೆ ಕೇಳಿಸಿತು. "ಆರು ಸಾವಿರ! ಆಂಟಿ, ಆರು ಸಾವಿರ ಗೆದ್ದೆ! ಎಲ್ಲಿದೆ ನಿಮ್ಮ ಬೂದು ಸೈಟು?"

ಎಲ್ಲರೂ ಹೋ ಎಂದರು. ನಮ್ಮ ಐನೂರು ಒಮ್ಮೆಲೇ ಚಿಲ್ಲರೆಯಾಗಿ ಕಂಡಿತು. "ನೋಡಿದ್ರಾ!" ಎಂದಳು ಬ್ರಾನ್ವಿನ್.

"ದುಡ್ಡು ಕೈಗೆ ಬಂತೇನೋ?" ಆಂಟಿ ಕೇಳಿದರು.

"ಬರುತ್ತೆ. ಮೊದಲು ನಾನೂರ ಎಂಬತ್ತು ತೆರಿಗೆ ಕಟ್ಟಬೇಕಂತೆ, ಹತ್ತು ನಿಮಿಷದೊಳಗೆ. ಗಾಡಿ ಟೈರಿಗೆ ಅಂತ ಇಟ್ಟಿದ್ದ ದುಡ್ಡಿದೆ, ಅದನ್ನೇ ಕಳಿಸ್ತಿದೀನಿ. ಬೋಟು ಹೊರಡ್ತಿದೆ, ಇಡ್ತೀನಿ!"

ಫೋನು ನಿಂತುಹೋಯಿತು. ಆಂಟಿ ಮತ್ತೆ ಮತ್ತೆ ಒತ್ತಿದರು, ಅವನು ಎತ್ತಲಿಲ್ಲ. ಆಂಟಿ ಚಪ್ಪಲಿಯಲ್ಲೇ ಎದ್ದು ನಿಂತರು. "ನೋಲೀನ್, ಗಾಡಿ ತೆಗಿ. ಬ್ರಾನ್ವಿನ್, ದುಡ್ಡು ವಾಪಸ್ ತೆಗಿ, ಕೇಳಿಸ್ತಾ? ಕೆಂಪು ಗಿಂಪು ಅಂದ್ರೆ ನೋಡು."

ಗುಡ್ಡದ ಮೇಲಿನ ಆ ಮನೆಯಿಂದ ಬೋಟು ಕಟ್ಟುವ ಧಕ್ಕೆಗೆ ಐದು ನಿಮಿಷದ ದಾರಿ. ನಾನು ಮೂರರಲ್ಲಿ ಇಳಿಸಿದೆ. ತಿರುವಿನಲ್ಲಿ ಹಿಂದಿದ್ದ ಖಾಲಿ ಬುಟ್ಟಿಗಳು ಹಾರಿ ಬಿದ್ದವು. ಒಂದು ಕಣ್ಣು ದಾರಿಯ ಮೇಲಿದ್ದರೂ ನನ್ನ ಮನಸ್ಸು ಅಡಿಗೆಮನೆಯಲ್ಲೇ ಇತ್ತು: ಬ್ರಾನ್ವಿನ್ ಬೆರಳು ಈಗ ಎಲ್ಲಿದೆಯೋ!

ಬೋಟಿನ ಎಂಜಿನ್ನು ಆಗಲೇ ಗುಡುಗುತ್ತಿತ್ತು. ಹಗ್ಗ ಬಿಚ್ಚಬೇಕಾದ ರಾವಿರಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬ್ಯಾಂಕಿನ ಕಾರ್ಡು ಹಿಡಿದು ನಿಂತಿದ್ದ. ಎಪ್ಪತ್ತೆರಡರ ಆಂಟಿ ಮನೆಯ ಚಪ್ಪಲಿಯಲ್ಲಿ ಆ ಒದ್ದೆ ಹಲಗೆಗಳ ಮೇಲೆ ಓಡಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ.

"ಒತ್ತಬೇಡ ಕಣೋ! ರಾವಿರಿ!"

"ಒಂದೇ ನಿಮಿಷ ಆಂಟಿ, ಟೈಮ್ ಆಗ್ತಿದೆ!"

"ನಮ್ಮಂಥವರು ಗೆದ್ದ ದುಡ್ಡಿಗೆ ಈ ದೇಶದಲ್ಲಿ ತೆರಿಗೆ ಎಲ್ಲಿದೆಯೋ? ಹತ್ತೊಂಬತ್ತು ವರ್ಷ ಆ ಕಿಟಕೀಲಿ ದುಡ್ಡು ಕೊಟ್ಟಿದೀನಿ, ಒಬ್ಬನ ಹತ್ರಾನೂ ಮೊದಲು ದುಡ್ಡು ತಾ ಅಂದಿಲ್ಲ!" ಆಂಟಿ ಏದುಸಿರು ಬಿಡುತ್ತಾ ಬೋಟಿನ ಅಂಚು ಹಿಡಿದರು. "ಸರಿ, ತೆರಿಗೆ ಇದೆ ಅಂತಾನೇ ಇಟ್ಕೋ. ನಿನ್ನ ಆರು ಸಾವಿರ ಅವರ ಹತ್ರಾನೇ ಇದೆಯಲ್ಲ? ಅದರಲ್ಲೇ ಹಿಡ್ಕೊಂಡು ಉಳಿದದ್ದು ಕಳಿಸಿ ಅಂತ ಬರಿ. ಅಷ್ಟು ಕೇಳೋಕೆ ಏನು ಕಷ್ಟ?"

ರಾವಿರಿ ದಪ್ಪ ಬೆರಳುಗಳಿಂದ ಬರೆದು ಕಳಿಸಿದ. ಬೋಟು ನಡೆಸುವ ತಾಂಡೇಲ ತನ್ನ ಕೋಣೆಯಿಂದ ತಲೆ ಹೊರಗೆ ಹಾಕಿ, "ಹೊರಡೋದಾ, ಇಲ್ಲಾ ಇಲ್ಲೇ ಸಂಸಾರ ಮಾಡ್ತೀರಾ?" ಎಂದು ಕೂಗಿದ.

ಉತ್ತರ ಬಂತು. ರಾವಿರಿ ಓದಿದ: "ಪ್ರಿಯ ವಿಜೇತರೇ, ನಿಯಮದ ಪ್ರಕಾರ ಹಾಗೆ ಮಾಡಲಾಗುವುದಿಲ್ಲ." ಅವನ ಮುಖದಲ್ಲಿ ಇನ್ನೂ ಆಸೆ ಇತ್ತು. ಅಷ್ಟರಲ್ಲಿ ಇನ್ನೊಂದು ಬಂತು. "ನಿಮಗಾಗಿ ವಿಶೇಷವಾಗಿ, ಇವತ್ತು ಮಾತ್ರ, ತೆರಿಗೆ ಅರ್ಧಕ್ಕೆ ಇಳಿಸಿದ್ದೇವೆ. ಇನ್ನೂರ ನಲವತ್ತು ಕಳಿಸಿ."

ರಾವಿರಿ ಅದನ್ನು ಎರಡು ಸಲ ಓದಿದ. ಅವನ ಕಿವಿ ಕೆಂಪಾಗತೊಡಗಿತು.

"ತೆರಿಗೇಲೂ ರಿಯಾಯಿತಿನಾ?" ಎಂದ.

ತಾಂಡೇಲ ನಗಲು ಶುರುಮಾಡಿದವನು ಕೆಮ್ಮು ಬರುವತನಕ ನಕ್ಕ. ನನಗೂ ತಡೆಯಲಾಗಲಿಲ್ಲ. ಆಂಟಿ ಮಾತ್ರ ನಗಲಿಲ್ಲ. "ಮೊದಲು ಐವತ್ತು ಹಾಕಿದ್ದು ಇದೇ ಕಾರ್ಡಿಂದ ಅಲ್ವಾ? ಬ್ಯಾಂಕಿಗೆ ಫೋನ್ ಮಾಡು, ಈಗ್ಲೇ ನಿಲ್ಲಿಸೋಕೆ ಹೇಳು. ಬೋಟು ಕಾಯುತ್ತೆ," ಎಂದು ತಾಂಡೇಲನ ಕಡೆ ನೋಡಿದರು. ಬೋಟು ಕಾಯಿತು. ಕಾರ್ಡು ನಿಂತ ಮೇಲೆ ರಾವಿರಿ ಕೆಳಗಿಳಿದು ಬಂದು ಆಂಟಿಯನ್ನು ಒಮ್ಮೆ ತಬ್ಬಿ, ಹಗ್ಗ ಬಿಚ್ಚಿ ಹೊರಟುಹೋದ.

ಮನೆಗೆ ವಾಪಸು ಬಂದರೆ ಅಡಿಗೆಮನೆಯಲ್ಲಿ ನಾಲ್ವರೂ ಮುಖ ಊದಿಸಿಕೊಂಡು ಕುಳಿತಿದ್ದರು.

"ಕೆಂಪಿಗೆ ಹಾಕಿದ್ಯೇನೇ?" ಎಂದೆ.

"ಹಾಕಬೇಕು ಅಂತಲೇ ಇದ್ದೆ," ಬ್ರಾನ್ವಿನ್ ಗೊಣಗಿದಳು. "ಈ ಮೂರು ಜನ ಬೇಡ ಅಂತ ಕೈ ಹಿಡ್ಕೊಂಡ್ರು. ಜಗಳ ಆಡ್ತಾ ಆಡ್ತಾ ಗಂಟೆ ಮುಗಿದೇಹೋಯ್ತು. ಆಟ ತಾನೇ ಮುಚ್ಕೊಳ್ತು. ದುಡ್ಡು ತೆಗೆಯೋ ಗುಂಡಿ ಒಂದೇ ಉಳಿದಿತ್ತು, ಒತ್ತಿದೆ. ಏನ್ ಮಾಡ್ಲಿ?"

ಆಂಟಿ ಆಗ ನಕ್ಕರು, ಕುರ್ಚಿಯಲ್ಲಿ ಕುಸಿದು, ಕಣ್ಣೀರು ಬರುವ ಹಾಗೆ. "ಇದಕ್ಕೇ ಕಣೇ ತಲೆ ತಣ್ಣಗಿರುವಾಗಲೇ ಮಿತಿ ಹಾಕೋದು. ನನ್ನ ತಲೆ ಮೇಲೂ ನನಗೆ ನಂಬಿಕೆ ಇಲ್ಲ. ಎಂಟಕ್ಕೆ ಬಿದ್ದಾಗ ನನಗೂ ಕೆಂಪು ಕಾಣಿಸ್ತು, ಸುಳ್ಳು ಹೇಳಲ್ಲ."

ಮಂಗಳವಾರ ದುಡ್ಡು ಬಂತು, ತಲೆಗೆ ಎಂಬತ್ತೊಂಬತ್ತು ಡಾಲರ್. ನಾನು ಹೊಸ ಗಂಬೂಟು ಕೊಂಡೆ. ಬ್ರಾನ್ವಿನ್ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಳು, ಕೆಂಪು. ರಾವಿರಿಯ ಐವತ್ತು ಹೋದದ್ದು ಹೋಯಿತು. ಅವನು ಎರಡು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಸಿಂಪಿ ಮೂಟೆ ಇಳಿಸಲು ಬಂದಾಗ ಬ್ರಾನ್ವಿನ್, "ತೆರಿಗೆ ಇಲಾಖೆಯವರು ಬಂದ್ರು," ಎಂದಳು. ಅವನೂ ನಕ್ಕ. ಅದಕ್ಕಿಂತ ಹೆಚ್ಚು ಕಾಡಿಸಲು ಆಂಟಿ ಬಿಡಲಿಲ್ಲ. "ಆರು ಸಾವಿರ ಅಂತ ಕಣ್ಣೆದುರು ಬರೆದಿದ್ರೆ ನಿಮ್ಮಲ್ಲಿ ಯಾರು ಒತ್ತದೇ ಇರ್ತಿದ್ರಿ? ಹೇಳಿ," ಎಂದರು. ಬ್ರಾನ್ವಿನ್ ಮುಂದಿನ ಸಿಂಪಿಗೆ ಚಾಕು ಹಾಕಿದಳು.

ಮುಂದಿನ ಶನಿವಾರ ರಾವಿರಿಯೂ ಬಂದ. ಮಿತಿ ಅರವತ್ತೇ ಆದ್ದರಿಂದ ಅವನ ಹತ್ತಕ್ಕೆ ಜಾಗವಿರಲಿಲ್ಲ. ನನ್ನ ಸರದಿಯಲ್ಲಿ ಅರ್ಧ ಅವನಿಗೆ ಬಿಟ್ಟುಕೊಟ್ಟೆ. ಗೋಲಿ ಓಡಿದಾಗಲೆಲ್ಲ ಅವನು ನಮ್ಮೆಲ್ಲರಿಗಿಂತ ಜೋರಾಗಿ ಕೂಗಿದ. ಮೂವತ್ತೈದು ನಿಮಿಷಕ್ಕೆ ಅರವತ್ತು ಡಾಲರೂ ಖಾಲಿ. ಇನ್ನೂ ಹಾಕೋಣವೇ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ, ಸೈಟು ಬಿಡುತ್ತಿರಲಿಲ್ಲ. ಹೊರಗೆ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನಾವು ಏಳೂ ಜನ ಚೀಸ್ ರೋಲಿನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕುಳಿತೆವು. ಗೋಲಿ ಹದಿನೇಳಕ್ಕೆ ಬಿದ್ದ ಸಲ ಹದಿನಾರು ಹೇಳಿದ್ದು ಯಾರ ತಪ್ಪು ಎಂಬ ಜಗಳ ಮಧ್ಯಾಹ್ನದವರೆಗೂ ನಡೆಯಿತು.