ಗುಂಡುಸೂಜಿಯ ಗೀರು

ಮಗಳ ಮನೆಗೆ ಬಂದು ಸೇರಿದಾಗಿನಿಂದ ಟೈಲರಿಗೆ ಒಂದೇ ಕೊರಗು. ಅಳಿಯ ವಿಪರೀತ ಮರ್ಯಾದೆ ಕೊಡುತ್ತಿದ್ದ.

ಅಂಗಡಿ ಇದ್ದ ಕಟ್ಟಡವನ್ನು ಕೆಡವಿದಾಗ ಹೊಲಿಗೆ ಮಷೀನು ಮಾರಿ, ಹಳೇ ಬಟ್ಟೆತುಂಡುಗಳ ಒಂದು ಪೆಟ್ಟಿಗೆಯನ್ನು ಮಾತ್ರ ಬಿಡಲಾರದೆ ಹೊತ್ತು ತಂದಿದ್ದರು. ಬಂದ ದಿನದಿಂದ ಅಳಿಯನ ಬಾಯಲ್ಲಿ ಎರಡೇ ಮಾತು: “ಮಾವ, ನೀವು ಕೂತ್ಕೊಳ್ಳಿ.” “ಮಾವ, ನಿಮಗ್ಯಾಕೆ ತೊಂದ್ರೆ.” ತಟ್ಟೆ ತೊಳೆಯಲು ಹೋದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದ. ಟಿ.ವಿ. ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿ, ಇವರು ಹಾಕಿದ್ದನ್ನು ತುಟಿಪಿಟಕ್ಕೆನ್ನದೆ ನೋಡುತ್ತಿದ್ದ. ಅದೇ ಮನುಷ್ಯ ಫೋನಿನಲ್ಲಿ ತನ್ನ ಅಣ್ಣನಿಗೆ “ಲೋ ಕತ್ತೆ, ಯಾವಾಗ ಬರ್ತೀಯೋ” ಎಂದು ಕೂಗಾಡುವಾಗ ಟೈಲರಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈ ಮನೆಯಲ್ಲಿ ಕತ್ತೆ ಅನ್ನಿಸಿಕೊಳ್ಳುವಷ್ಟು ಸಲಿಗೆ ತಮಗೆ ಯಾವಾಗ ಸಿಕ್ಕೀತು?

ಅಳಿಯನಿಗೆ ಲಿಫ್ಟ್ ರಿಪೇರಿ ಕೆಲಸ. ಅವನ ಪ್ರಾಣವೆಲ್ಲ ಇದ್ದದ್ದು ಮನೆ ಮುಂದೆ ನಿಲ್ಲುತ್ತಿದ್ದ ಕಪ್ಪು ಕಾರಿನಲ್ಲಿ. ಸೆಕೆಂಡ್‌ಹ್ಯಾಂಡ್ ಆದರೂ ಮುಖ ನೋಡಿಕೊಳ್ಳುವಷ್ಟು ಹೊಳಪು. ಭಾನುವಾರ ಅದನ್ನು ತೊಳೆದು, ಒರೆಸಲೆಂದೇ ಇಟ್ಟಿದ್ದ ದಪ್ಪನೆಯ ಮೆತ್ತನೆ ಟವೆಲನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆಯುತ್ತಿದ್ದ. ಆ ಟವೆಲಿಗೆ ಇನ್ನೊಬ್ಬರು ಕೈ ಹಚ್ಚುವ ಹಾಗಿರಲಿಲ್ಲ. ಮಗಳು ಒಮ್ಮೆ ಮರೆತು ಅದರಲ್ಲಿ ಊಟದ ಮೇಜು ಒರೆಸಿದ್ದಕ್ಕೆ ಸಂಜೆಯವರೆಗೆ ಗಂಡಹೆಂಡಿರ ನಡುವೆ ಮಾತಿರಲಿಲ್ಲ.

ಒಂದು ಭಾನುವಾರ ಸೋಪಿನ ನೊರೆ ತೊಳೆದು ಮುಗಿಸುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ, ಒಳಗೆ ಒಬ್ಬ ಅಜ್ಜಿ. ಕಂಪನಿಯ ವ್ಯಾನು ಬಾಗಿಲಿಗೇ ಬಂತು. ಅಳಿಯ ಒದ್ದೆ ಪ್ಯಾಂಟಿನಲ್ಲೇ ಹತ್ತಿದ.

“ಬಿಸಿಲಿಗೆ ನೀರು ಹಾಗೇ ಒಣಗಿದ್ರೆ ಕಲೆ ನಿಲ್ಲುತ್ತೆ ಕಣೇ,” ಎಂದು ಹೆಂಡತಿಗೆ ಹೇಳಿದ. “ಹಾಳಾಗಿ ಹೋಗ್ಲಿ, ಏನು ಮಾಡೋದು.”

ಮೆಟ್ಟಿಲ ಮೇಲೆ ಕೂತಿದ್ದ ಟೈಲರ್ ಕಿವಿ ನೆಟ್ಟಗಾಯಿತು. ಕೊನೆಗೂ ಒಂದು ಕೆಲಸ! ಚೀಲದಲ್ಲಿದ್ದ ಟವೆಲನ್ನು ಅವರು ಮುಟ್ಟಲಿಲ್ಲ. ಅಷ್ಟು ಬುದ್ಧಿ ಇತ್ತು. ಪೆಟ್ಟಿಗೆ ತಡಕಿ, ಯಾರದೋ ಕೋಟಿಗೆ ತಂದು ಉಳಿದಿದ್ದ ವೆಲ್ವೆಟ್ ತುಂಡನ್ನು ತೆಗೆದರು. ಕೆನ್ನೆಗೆ ಒತ್ತಿ ನೋಡಿದರು. ಬೆಣ್ಣೆ. ಬಟ್ಟೆಯ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡು, ಮಡಿಕೆ ಬಿಚ್ಚದೆ ಹಾಗೇ ಹಿಡಿದು, ಇಸ್ತ್ರಿ ತಿಕ್ಕುವ ಹಾಗೆ ಬಾನೆಟ್ಟಿನ ಮೇಲೆ ಭಾರ ಬಿಟ್ಟು ಎಳೆದರು. ಸರ್ರನೆ ಸದ್ದಾಯಿತು. ಒದ್ದೆ ಬಟ್ಟೆಯ ಸದ್ದು ಅಂದುಕೊಂಡರು.

ನೀರು ಆರಿದಾಗ ಕಂಡಿತು. ದೀಪದ ಹತ್ತಿರದಿಂದ ಗಾಜಿನವರೆಗೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ ಬಾಗಿದ ಬಿಳಿ ಗೀರು. ಅದರ ಅಕ್ಕಪಕ್ಕ ಕೂದಲೆಳೆಯಂಥ ಸಣ್ಣ ಗೆರೆಗಳು. ಬಟ್ಟೆಯ ಮಡಿಕೆ ಬಿಚ್ಚಿದರೆ ಒಳಗೆ ಗುಂಡುಸೂಜಿ. ಎಂದೋ ಅವರೇ ಚುಚ್ಚಿಟ್ಟದ್ದು.

ಮಗಳು ಹೊರಗೆ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಅಪ್ಪ, ನಾನೇ ಮಾಡಿದ್ದು ಅಂತೀನಿ. ನೀನು ಸುಮ್ನಿರು.”

“ಬೇಡಮ್ಮ. ಅವನು ಬಂದ ಮೇಲೆ ನಾನೇ ಹೇಳ್ತೀನಿ.”

ಅಳಿಯ ಖುಷಿಯಾಗಿಯೇ ಬಂದ. ಅಜ್ಜಿ ಲಿಫ್ಟಿನೊಳಗೆ ನೆಲದ ಮೇಲೆ ಕೂತು ಆರಾಮವಾಗಿ ನಿದ್ದೆ ಹೊಡೆಯುತ್ತಿದ್ದರಂತೆ. ಅದನ್ನು ಹೇಳುತ್ತಾ ಹೇಳುತ್ತಾ ಬಾನೆಟ್ಟಿನ ಮುಂದೆ ನಿಂತುಬಿಟ್ಟ.

“ಯಾರು ಇದು ಮಾಡಿದ್ದು?”

“ನಾನೇ,” ಎಂದರು ಟೈಲರ್. ಅಂಗೈಯಲ್ಲಿ ಸೂಜಿ ತೋರಿಸಿದರು.

ಅಳಿಯನ ಮುಖ ಕೆಂಪೇರಿತು. ಆಮೇಲೆ ಕಟ್ಟೆ ಒಡೆಯಿತು.

“ಏನು ಮಾವ, ತಲೆ ನೆಟ್ಟಗಿದೆಯಾ ನಿಮಗೆ? ಗುಂಡುಸೂಜಿ ಇಟ್ಕೊಂಡು ಕಾರು ಒರೆಸ್ತಾರಾ ಯಾರಾದ್ರೂ? ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳೋಕೆ ಏನು ಕಷ್ಟ!”

“ಕೂತೂ ಕೂತೂ ಸಾಕಾಗಿದೆ ಕಣೋ!” ಟೈಲರ್ ಗಂಟಲೂ ಏರಿತು. “ಒಂದು ದಿನ ಒಂದು ಲೋಟ ಎತ್ತಿಡೋಕೆ ಬಿಟ್ಟಿದ್ದೀಯಾ? ಶೋಕೇಸಿನ ಗೊಂಬೆ ಹಾಗೆ ಕೂರಿಸಿದ್ದೀಯಲ್ಲ, ನಾನೇನು ಈ ಮನೆಯವನೋ, ಇಲ್ಲಾ ನೆಂಟನೋ?”

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಮಗಳು ಬಾಗಿಲಲ್ಲಿ ಸೌಟು ಹಿಡಿದು ಕಲ್ಲಾದಳು. ಗಂಡಸರಿಬ್ಬರೂ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ನೋಡಿದರು. ಅಳಿಯ ಒಳಗೆ ಹೋದ. ಮಧ್ಯಾಹ್ನ ಊಟವಾದ ಮೇಲೆ ಟೈಲರ್ ತಮ್ಮ ತಟ್ಟೆ ತಾವೇ ತೊಳೆದರು; ಯಾರೂ ಕಿತ್ತುಕೊಳ್ಳಲಿಲ್ಲ.

ಬಿಸಿಲು ಇಳಿದ ಮೇಲೆ ಅಳಿಯ ಪಾಲಿಶ್ ಡಬ್ಬಿ ಹಿಡಿದು ಹೊರಗೆ ಕೂತ. ಸಣ್ಣ ಗೆರೆಗಳು ಹೋದವು. ದೊಡ್ಡ ಗೀರು ಮಾಸಿತೇ ಹೊರತು ಹೋಗಲಿಲ್ಲ. ಅವನು ಬಹಳ ಹೊತ್ತು ಅದನ್ನು ನೋಡಿ, “ಮಾವ, ಬನ್ನಿ ಇಲ್ಲಿ,” ಎಂದು ಕೂಗಿದ.

ಪೈಪಿನ ತುದಿಯ ಮೂತಿ ಕಳಚಿ, ಕಾರಿನ ನೆತ್ತಿಯಿಂದ ನೀರನ್ನು ಮೆಲ್ಲಗೆ ಇಳಿಬಿಟ್ಟ. ಹನಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಾಳೆಯ ಹಾಗೆ ಜಾರಿಹೋದವು. “ಅರ್ಧ ನೀರು ಹೀಗೇ ಹೋಗುತ್ತೆ.” ಆಮೇಲೆ ಆ ಟವೆಲನ್ನೇ ತಂದು ಮಾವನ ಕೈಗೆ ಕೊಟ್ಟ. “ಉಜ್ಜಬಾರದು. ಎಷ್ಟು ತೊಳೆದ್ರೂ ಎಲ್ಲೋ ಒಂದು ಕಾಳು ಮಣ್ಣು ಉಳಿದಿರುತ್ತೆ. ಎಳೆದ್ರೆ ಅದೇ ಉಪ್ಪುಕಾಗದದ ಹಾಗೆ ಗೀರುತ್ತೆ. ಅಗಲವಾಗಿ ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎತ್ತಿ. ಮೇಲಿಂದ ಕೆಳಗೆ. ಚಕ್ರದ ಹತ್ತಿರ ಇದನ್ನ ತರಬೇಡಿ, ಅದಕ್ಕೆ ಬೇರೆ ಬಟ್ಟೆ. ಕೈತಪ್ಪಿ ನೆಲಕ್ಕೆ ಬಿತ್ತೋ, ಒಗೆಯೋವರೆಗೆ ಮುಟ್ಟಬೇಡಿ.”

ಟೈಲರ್ ಟವೆಲಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಬಾನೆಟ್ಟಿಗೆ ಹಾಸಿ, ಒತ್ತಿ, ಎತ್ತಿದರು. ಕೆಳಗೆ ಒಂದು ಹನಿಯೂ ಉಳಿದಿರಲಿಲ್ಲ.

“ಇಸ್ತ್ರಿ ಹಾಕೋ ಹಾಗಲ್ಲ, ಮೈ ಅಳತೆ ತಗೊಳ್ಳೋ ಹಾಗೆ ಅನ್ನು.”

“ಏನೋ ಒಂದು. ಎಳೀಬೇಡಿ ಅಷ್ಟೇ.”

ಅಲ್ಲಿಂದ ಮುಂದೆ ತೊಳೆಯುವುದು ಅಳಿಯ, ಒರೆಸುವುದು ಮಾವ ಎಂದಾಯಿತು. ಕಾರಿನ ಸುತ್ತ ಗೊಣಗಾಟವೂ ಶುರುವಾಯಿತು. “ಮಾವ, ಕನ್ನಡಿ ಕೆಳಗೆ ನೀರು ನಿಂತಿದೆ, ಕಾಣಲ್ವಾ?” “ಕಾಣುತ್ತಪ್ಪ, ಕುರುಡನಲ್ಲ. ನೀನು ಬಾಗಿಲ ಸಂದು ಸರಿಯಾಗಿ ತೊಳಿ ಮೊದಲು.”

ಎದುರು ಮನೆಯಾಕೆ ಒಂದು ದಿನ ತಡೆಯಲಾರದೆ ಮಗಳನ್ನು ಕೇಳಿದರು: “ಏನಮ್ಮಾ, ಮಾವ ಅಳಿಯನಿಗೆ ಸರಿಹೋಗ್ತಿಲ್ವಾ?”

“ಇಲ್ಲ ಆಂಟಿ,” ಎಂದಳು ಮಗಳು, ಒದ್ದೆ ಬಟ್ಟೆ ಹಗ್ಗಕ್ಕೆ ಹಾಕುತ್ತಾ. “ಈಗಷ್ಟೇ ಸರಿಹೋಗಿದೆ.”