ಒಪ್ಪಲ್ಲ ಅಂದವಳ ಒಪ್ಪಿಗೆ

ವಿಜಯನಗರದ ಮಾರ್ಕೆಟ್ ರಸ್ತೆಯ ತಿರುವಿನಲ್ಲಿ ಒಂದು ಸಹಕಾರ ಬ್ಯಾಂಕು. ಬೋರ್ಡಿನ ಮೇಲೆ ಏನೇ ಹೆಸರಿರಲಿ, ಸುತ್ತಲಿನವರ ಬಾಯಲ್ಲಿ ಅದು ಮೂಲೆ ಬ್ಯಾಂಕು. ಹೂವು ಮಾರುವವರು, ಟೈಲರುಗಳು, ರಿಟೈರಾದ ಮೇಷ್ಟ್ರುಗಳು, ಎಲ್ಲರ ಉಳಿತಾಯವೂ ಅಲ್ಲೇ. ಒಂದು ಬೆಳಿಗ್ಗೆ ಅದರ ಶಟರ್ ಅರ್ಧಕ್ಕೇ ನಿಂತುಬಿಟ್ಟಿತು. ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದೆ, ಸದ್ಯಕ್ಕೆ ಯಾರೂ ಹಣ ತೆಗೆಯುವ ಹಾಗಿಲ್ಲ ಎಂದು ಬಾಗಿಲ ಮೇಲೆ ಬರೆದು ಅಂಟಿಸಿದ್ದರು. ಮೇಲೆ ಕೂತವರು ತಮಗೆ ಬೇಕಾದವರಿಗೆಲ್ಲ ಸಾಲ ಕೊಟ್ಟು ಬ್ಯಾಂಕನ್ನು ಮುಳುಗಿಸಿದ್ದಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಎಲ್ಲರಿಗೂ ತಲುಪಿತ್ತು.

ಮಾರನೇ ದಿನವೇ ಬ್ಯಾಂಕಿನ ಮುಂದೆ ಧರಣಿಗೆ ಶಾಮಿಯಾನ ಬಂತು, ಬಾಡಿಗೆ ಕುರ್ಚಿ ಬಂದವು, ಒಂದು ಮೈಕೂ ಬಂತು. ಫ್ಯಾಕ್ಟರಿಯಿಂದ ರಿಟೈರಾದ ನಾರಾಯಣಪ್ಪ ಮುಂದೆ ನಿಂತು, ಮುಳುಗಿಸಿದವರ ಮೇಲೆ ಕೇಸೂ ಹಾಕಿಸಿದರು.

ಬಸವರಾಜೇಶ್ವರಿಯೂ ಹೋಗಿ ಕೂತಳು. ಹಾವೇರಿ ಕಡೆಯ ಹೆಣ್ಣು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಿದ್ದಳು. ಅದರಲ್ಲಿ ಉಳಿದದ್ದನ್ನೆಲ್ಲ ಮೂಲೆ ಬ್ಯಾಂಕಿನಲ್ಲಿ ತನ್ನ ಹೆಸರಿಗೇ ಇಟ್ಟಿದ್ದಳು. ರಸ್ತೆಗೆ ಮುಖ ಮಾಡಿದ ಒಂದು ಪುಟ್ಟ ರೊಟ್ಟಿ ಅಂಗಡಿ, ಅದರ ಅಡ್ವಾನ್ಸಿಗೆ ಅಂತ. ಅಂಗಡಿಯ ಮೇಲೆ ತನ್ನ ಹೆಸರಿನ ಬೋರ್ಡು ಇರಬೇಕು ಎಂಬ ಆಸೆಯನ್ನು ಮಾತ್ರ ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾನೇನೋ ಅಂತ.

ಅಷ್ಟುದ್ದದ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ರಾಜಿ. ಹಾಗಾಗಿ ನಾರಾಯಣಪ್ಪ ಮೊದಲ ದಿನವೇ ಮೈಕಿನಲ್ಲಿ ಹೇಳಿದರು. "ಈ ನಮ್ಮಮ್ಮ ಇದಾರಲ್ಲ, ಹೆಸರು ರಾಜಿ. ಆದ್ರೆ ಯಾವುದಕ್ಕೂ ರಾಜಿ ಆಗೋರಲ್ಲ!"

ಜನ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ನಾರಾಯಣಪ್ಪ ಮೈಕನ್ನು ಅವಳ ಮುಂದೆ ಹಿಡಿದರು. ಏನು ಹೇಳಬೇಕೋ ತಿಳಿಯದೆ ಅವಳು "ಒಪ್ಪಲ್ಲ!" ಅಂದಳು. ಹಿಂದಿನಿಂದ ನೂರಾರು ದನಿ ಎದ್ದವು. "ಒಪ್ಪಲ್ಲ, ಒಪ್ಪಲ್ಲ!"

ಆ ಮಾತು ಅವಳಿಗೆ ಹೊಸದು. ಹಿಂದೆ ಗಂಡಿನ ಕಡೆಯವರು ನೋಡಲು ಬಂದಿದ್ದಾಗ ಅಪ್ಪ ಅವಳನ್ನು ಕೇಳದೆಯೇ ಪಡಸಾಲೆಗೆ ಹೋಗಿ, "ನಮ್ಮ ಹುಡುಗೀದು ಒಪ್ಪಿಗಿ ಐತಿ" ಅಂದಿದ್ದ. ಸಿಕ್ಕ ಗಂಡ ಒಳ್ಳೆಯವನೇ. ಆದರೂ ಅವಳ ಒಪ್ಪಿಗೆ ಯಾವಾಗಲೂ ಇನ್ನೊಬ್ಬರ ಬಾಯಲ್ಲೇ ಇರುತ್ತಿತ್ತು. ಈಗ ನಡುರಸ್ತೆಯಲ್ಲಿ, ತನ್ನದೇ ಗಂಟಲಿನಿಂದ, ಒಪ್ಪಲ್ಲ ಅಂದಿದ್ದಳು. ಮನೆಗೆ ಬಂದು ಹಿಟ್ಟು ನಾದುವಾಗಲೂ ಎದೆಯಲ್ಲಿ ಅದೇ ಗುನುಗು.

ಅದಕ್ಕೇ, ಕೆಲವು ದಿನಗಳಾದ ಮೇಲೆ ಹೂವಿನ ಲಿಂಗಮ್ಮ ಕೈಯಲ್ಲಿ ಒಂದು ಹಾಳೆ ಹಿಡಿದು ಶಟರಿನ ಕಡೆ ಹೋಗುತ್ತಿದ್ದಾಗ ರಾಜಿಯೇ ಎದ್ದು ಅಡ್ಡ ನಿಂತಳು. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಒಪ್ಪಿಗೆ ಪತ್ರ" ಅಂತಿತ್ತು.

"ಏನ್ ಲಿಂಗಮ್ಮ, ನಾವು ಬಿಸಿಲಾಗ ಕುಂತು ಒಪ್ಪಲ್ಲ ಅಂತೀವಿ, ನೀನು ಒಪ್ಪಿಗಿ ಕೊಡಾಕ್ ಹೊಂಟಿಯಾ?"

ಲಿಂಗಮ್ಮನಿಗೆ ಓದು ಬರದು. "ಅಯ್ಯೋ, ಹಂಗಾ ಇದು? ಗೊತ್ತಿರ್ಲಿಲ್ಲ ಕಣವ್ವ" ಅಂತ ಹಾಳೆ ಮಡಚಿ ಬುಟ್ಟಿಯೊಳಗೆ ತುರುಕಿ ವಾಪಸ್ ಹೋದಳು. ಶಾಮಿಯಾನದಡಿ ಚಪ್ಪಾಳೆ. ಅವತ್ತಿನಿಂದ ಒಪ್ಪಿಗೆ ಪತ್ರ ತಂದವರನ್ನು ಒಳಗೆ ಬಿಡಬಾರದು ಅಂತ ತೀರ್ಮಾನವಾಯಿತು. ಕುರ್ಚಿಗಳು ಬಾಗಿಲಿಗೇ ಅಡ್ಡ ಬಂದವು.

ಅದೇ ಸಂಜೆ ಮಹಡಿ ಮನೆಯ ಜಲಜಾ ಇಳಿದು ಬಂದಳು. ಮೂಲೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಶಟರ್ ಇಳಿದ ದಿನದಿಂದ ರಾಜಿ ಅವಳ ಜೊತೆ ಮಾತು ಬಿಟ್ಟಿದ್ದಳು.

"ರಾಜಿಯಕ್ಕ, ಒಂದ್ನಿಮಿಷ."

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಇನ್ನಷ್ಟು ಜೋರಾಯಿತು.

"ಇವತ್ತು ನಿಮ್ಮ ದನಿ ಕೌಂಟರ್‌ವರೆಗೂ ಕೇಳಿಸ್ತು."

"ಕೇಳಲಿ ಅಂತನ ಕೂಗಿದ್ದು." ಸಿಟ್ಟು ಬಂದರೆ ರಾಜಿಯ ನಾಲಗೆ ಸೀದಾ ಹಾವೇರಿಗೆ ಹೋಗುತ್ತಿತ್ತು.

"ಕೂಗಿ ಅಕ್ಕ. ನಾಳೆನೂ ಕೂಗಿ. ಆದ್ರೆ ಇದನ್ನ ಕೊಟ್ಬಿಟ್ಟು ಕೂಗಿ. ಶನಿವಾರ ಕೊನೇ ದಿನ." ಜಲಜಾ ಅದೇ ಹಾಳೆಯನ್ನು ಮುಂದೆ ಹಿಡಿದಳು.

"ಭಾಳ ಚಲೋ ಆತು. ದುಡ್ಡೂ ನಿಮಗ, ಒಪ್ಪಿಗೀನೂ ನಿಮಗ?"

ಟಿವಿ ನೋಡುತ್ತಿದ್ದ ಗಂಡ ಚನ್ನವೀರೇಶ್ ಅಲ್ಲಿಂದಲೇ ಹೇಳಿದ. "ರಾಜಿ, ಸೈನು ಗೀನು ಹಾಕ್ಬೇಡ. ನಾನು ನಾಳೆ ಯಾರನ್ನಾದ್ರೂ ಕೇಳ್ಕೊಂಡು ಬರ್ತೀನಿ."

"ಅಕ್ಕ, ನಮ್ಮಂಥ ಬ್ಯಾಂಕಲ್ಲಿಟ್ಟ ದುಡ್ಡಿಗೆ ವಿಮೆ ಇರುತ್ತೆ" ಎಂದಳು ಜಲಜಾ. "ಠೇವಣಿ ವಿಮೆ. ಅದಕ್ಕೆ ರಿಸರ್ವ್ ಬ್ಯಾಂಕಿನದೇ ಒಂದು ನಿಗಮ ಇದೆ. ಬ್ಯಾಂಕಿಗೆ ಈ ಗತಿ ಬಂದ್ರೆ ಅಸಲು, ಬಡ್ಡಿ ಎಲ್ಲ ಸೇರಿ ಒಬ್ಬೊಬ್ಬರಿಗೆ ಐದು ಲಕ್ಷದವರೆಗೆ ಆ ನಿಗಮ ಕೊಡುತ್ತೆ. ಆದ್ರೆ ಆ ಹಣ ನನಗೆ ಬೇಕು ಅಂತ ನೀವು ಬರ್ಕೊಡಬೇಕು. ಹಾಗೆ ಬರ್ಕೊಡೋದಕ್ಕೇ ಒಪ್ಪಿಗೆ ಪತ್ರ ಅನ್ನೋದು. ಬ್ಯಾಂಕ್ ಮಾಡಿದ್ದು ಸರಿ ಅಂತ ಒಪ್ಕೊಳೋದಲ್ಲ."

ಬಡಿಯುವ ಕೈ ನಿಂತಿತು. "ಸೈನ್ ಹಾಕಿದ ಮ್ಯಾಲ ಆ ಕಳ್ಳರ ಮ್ಯಾಲಿನ ಕೇಸು ಏನಾಗತೈತಿ?"

"ಕೇಸ್ ಕೇಸಿನ ಪಾಡಿಗೆ ನಡೆಯುತ್ತೆ. ಐದು ಲಕ್ಷಕ್ಕಿಂತ ಜಾಸ್ತಿ ಇಟ್ಟೋರ ಹಕ್ಕೂ ಹೋಗಲ್ಲ, ಮಿಕ್ಕಿದ್ದನ್ನ ಬ್ಯಾಂಕನ್ನೇ ಕೇಳಬೇಕು. ನನ್ನ ಮಾತು ನಂಬ್ಬೇಡಿ. ನೀವೇ ಓದಿ."

"ನಿನಗ್ಯಾಕಿಷ್ಟು ಕಾಳಜಿ? ಅವರ ಸಂಬಳ ತಿನ್ನಾಕಿ ನೀನು."

ಜಲಜಾ ಹಾಳೆಯನ್ನು ಅವಳ ಪಕ್ಕದಲ್ಲೇ ಇಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ನಂದೂ ಅಮ್ಮಂದೂ ಅಲ್ಲೇ ಇದೆ ಅಕ್ಕ. ನಿಮ್ಮ ಪಕ್ಕ ಕೂತ್ಕೊಂಡು ಕೂಗಕ್ಕೆ ನಂಗೂ ಆಸೆ. ಆದ್ರೆ ನಾನೂ ಆಚೆ ಬಂದ್ರೆ ಈ ಹಾಳೆ ತಗೊಳೋರು ಯಾರು? ಬೆಳಿಗ್ಗೆ ಲಿಂಗಮ್ಮಂಗೆ ತುಂಬಿ ಕೊಟ್ಟಿದ್ದು ನಾನೇ. ಯಾರೋ ವಾಪಸ್ ಕಳಿಸಿದ್ರಂತೆ."

ಯಾರು ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ರಾಜಿಗೆ ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು.

ರಾಜಿ ಕೈ ತೊಳೆದು ಹಾಳೆ ತೆಗೆದುಕೊಂಡಳು. ಬಾಗಿಲ ಬಳಿ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಓದಿದಳು. ಖಾತೆಯ ನಂಬರು, ಆಧಾರ್, ಹಣ ಬಂದು ಸೇರಬೇಕಾದ ಬೇರೆ ಬ್ಯಾಂಕಿನ ಖಾತೆ. ವಿಮೆಯ ಹಣ ಪಡೆಯಲು ನನ್ನ ಒಪ್ಪಿಗೆ ಇದೆ. ಅಷ್ಟೇ. ಬ್ಯಾಂಕನ್ನು ಕ್ಷಮಿಸಿದ್ದೇನೆ ಅಂತ ಎಲ್ಲೂ ಇರಲಿಲ್ಲ. ಮತ್ತೆ ಮೊದಲಿನಿಂದ ಓದಿದಳು. ಬದುಕಿನಲ್ಲಿ ಮೊದಲ ಸಲ ಯಾರೋ ಅವಳ ಒಪ್ಪಿಗೆಯನ್ನು ಅವಳನ್ನೇ ಕೇಳುತ್ತಿದ್ದರು. ಅವಳು ಅದಕ್ಕೇ ಅಡ್ಡ ನಿಂತಿದ್ದಳು.

"ಏನಂತೆ?" ಅಂದ ಚನ್ನವೀರೇಶ್, ಎದ್ದು ಬಂದು.

"ಯಾರನ್ನೂ ಕೇಳೋದು ಬ್ಯಾಡ್ರಿ. ನಾನ ಓದೇನಿ" ಅಂದಳು. ಆಮೇಲೆ ಜಲಜಾಳ ಕಡೆ ತಿರುಗಿ, "ರೊಟ್ಟಿ ಬಿಸಿ ಅದಾವು. ಅಮ್ಮಗೂ ಎರಡು ಒಯ್ಯಿ" ಅಂದಳು.

ಬೆಳಿಗ್ಗೆ ಮೊದಲು ಹೋದದ್ದು ಲಿಂಗಮ್ಮನ ಹತ್ತಿರ. ಹಾಳೆ ಇನ್ನೂ ಬುಟ್ಟಿಯ ತಳದಲ್ಲೇ ಇತ್ತು. ನೆನೆದ ಸೇವಂತಿಗೆಯ ವಾಸನೆ ಹಿಡಿದಿತ್ತು.

"ನಾ ತಪ್ಪು ಹೇಳಿದ್ನವ್ವ. ನಡಿ, ನನ್ನ ಜೋಡಿ ಬಾ."

ಇಬ್ಬರ ಕೈಯಲ್ಲೂ ಹಾಳೆ ಕಂಡದ್ದೇ ಶಾಮಿಯಾನದಡಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ನೋಡ್ರಪ್ಪಾ, ರಾಜಿಯಕ್ಕ ರಾಜಿ ಆಗ್ಬಿಟ್ರು!"

"ಬ್ಯಾಂಕ್‌ನೋರು ಎಷ್ಟು ಕೊಟ್ರಂತೆ?" ಅಂದ ಇನ್ನೊಬ್ಬ.

ರಾಜಿ ನೇರ ಮುಂದಕ್ಕೆ ನಡೆದಳು. ನಾರಾಯಣಪ್ಪನವರ ಮುಂದೆ ನಿಂತು ಮೈಕಿಗೆ ಕೈ ಚಾಚಿದಳು. ಅವರು ಹುಬ್ಬು ಗಂಟಿಕ್ಕಿದರೂ ಕೊಟ್ಟರು.

"ನಂಗೆ ಭಾಷಣ ಬರಲ್ಲ. ಇದರ ಮೇಲೆ ಒಪ್ಪಿಗೆ ಅಂತ ಬರೆದಿದೆ, ಅದನ್ನ ನೋಡಿ ನಾನೇ ಲಿಂಗಮ್ಮನ್ನ ಅಟ್ಟಿದೆ. ಕೆಳಗಿನ ಸಾಲು ನಾನೂ ಓದಿರಲಿಲ್ಲ, ನೀವೂ ಓದಿಲ್ಲ. ಈಗ ಓದ್ತೀನಿ, ಕೇಳಿ."

ಓದಿದಳು. ತಡೆತಡೆದು, ಆದರೆ ಪೂರ್ತಿ ಓದಿದಳು. ಮುಗಿಸಿ ಹೇಳಿದಳು. "ಲೂಟಿಗೆ ನಾವು ಒಪ್ಪಲ್ಲ. ನಮ್ಮ ದುಡ್ಡು ನಮಗೆ ಕೊಡಿ ಅನ್ನೋದಕ್ಕೆ ಒಪ್ತೀವಿ. ಎರಡೂ ಬೇರೆ ಬೇರೆ. ಶನಿವಾರ ಕೊನೇ ದಿನ. ನಾವೇ ಬಾಗಿಲಿಗೆ ಕುರ್ಚಿ ಅಡ್ಡ ಹಾಕ್ಕೊಂಡು ಕೂತಿದೀವಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾರಾಯಣಪ್ಪ ಹಾಳೆ ಇಸ್ಕೊಂಡು ಕನ್ನಡಕ ಏರಿಸಿ ತಾವೇ ಓದಿದರು.

"ಹಂಗಾದ್ರೆ ಗಲಾಟೆ ನಿಲ್ಲಿಸ್ಬೇಕೇನಮ್ಮ?"

"ಯಾಕಣ್ಣ ನಿಲ್ಲಿಸ್ಬೇಕು? ತಿಂದೋರು ಇನ್ನೂ ಕಾರಲ್ಲಿ ಓಡಾಡ್ತಿದಾರೆ. ಕೂಗೋಣ. ಸ್ವಲ್ಪ ಪಕ್ಕಕ್ಕೆ ಕೂತು ಕೂಗೋಣ."

ನಾರಾಯಣಪ್ಪ ಹಾಳೆ ವಾಪಸ್ ಕೊಟ್ಟು, ಹಿಂದಿನ ಸಾಲಿಗೆ ಗದರಿದರು. "ಏಯ್, ಏನ್ರೋ ನೋಡ್ತಾ ನಿಂತಿದೀರ? ಕುರ್ಚಿ ಎತ್ರೋ!"

ಕುರ್ಚಿಗಳು ಸರಿದವು. ಶಟರಿನ ಮುಂದೆ ಸಾಲು ಬೆಳೆಯಿತು. ಒಳಗಿದ್ದ ಜಲಜಾ ಪೆನ್ನು ಮುಂದೆ ಮಾಡಿದಳು. ಲಿಂಗಮ್ಮ ಹೆಬ್ಬೆಟ್ಟು ಒತ್ತಿದಳು. ರಾಜಿ ಸಹಿಯ ಚೌಕದಲ್ಲಿ ಬರೆಯತೊಡಗಿದಳು. ಬ, ಸ, ವ, ರಾ. ಚೌಕ ಮುಗಿಯಿತು, ಹೆಸರು ಮುಗಿದಿರಲಿಲ್ಲ.

"ರಾಜಿ ಅಂತ ಹಾಕಿದ್ರೆ ಸಾಕಾಗ್ತಿತ್ತಲ್ಲ" ಅಂತ ಹಿಂದಿನಿಂದ ನಾರಾಯಣಪ್ಪ ನಕ್ಕರು.

"ಖಾತೆ ರಾಜಿ ಹೆಸರಲ್ಲಿಲ್ಲ ಅಣ್ಣ." ಉಳಿದ ಅಕ್ಷರಗಳನ್ನು ಗೆರೆ ದಾಟಿಸಿ ಬರೆದಳು. ಅಂಗಡಿಯ ಬೋರ್ಡು ದೊಡ್ಡದೇ ಮಾಡಿಸಬೇಕು ಅಂದುಕೊಂಡಳು. ಸ್ವೀಕೃತಿಯ ಚೀಟಿ ಇಸ್ಕೊಂಡು ಹೊರಗೆ ಬಂದು, ಸ್ವಲ್ಪ ಪಕ್ಕಕ್ಕೆ, ಶಾಮಿಯಾನದ ನೆರಳಲ್ಲಿ ಕೂತಳು. "ಲೂಟಿಗೆ ಒಪ್ಪಲ್ಲ!" ಎಂದು ಕೂಗಿದಳು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ನಿಮ್ಮ ದುಡ್ಡು ಎಲ್ಲಿದೆ? ಊರವರು ಬ್ಯಾಂಕು ಅಂತ ಕರೆಯುವುದೆಲ್ಲ ಬ್ಯಾಂಕಲ್ಲ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಂಘಗಳಿಗೆ ಈ ಠೇವಣಿ ವಿಮೆ ಇಲ್ಲ. ಹಣ ಇಡುವ ಮೊದಲೇ ವಿಮೆ ಇದೆಯೇ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ, ನಾಚಿಕೊಳ್ಳಬೇಡಿ. ಬಡ್ಡಿ ಹೆಚ್ಚು ಎಂದು ಇದ್ದುದನ್ನೆಲ್ಲ ಒಂದೇ ಕಡೆ ಸುರಿಯಬೇಡಿ. ಬ್ಯಾಂಕಿಗೆ ನಿರ್ಬಂಧ ಬಿದ್ದರೆ ಗಡುವಿನೊಳಗೆ ಒಪ್ಪಿಗೆ ಪತ್ರ ಕೊಟ್ಟು ಚೀಟಿ ಪಡೆಯಿರಿ. ಇದಕ್ಕೆ ಯಾರಿಗೂ ಕಮಿಷನ್ ಕೊಡಬೇಕಿಲ್ಲ. ಫೋನಿಗೆ ಬಂದ ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ. ಸಿಟ್ಟು ಬಂದರೆ ಅದು ನಿಮ್ಮ ಹಕ್ಕು, ಕೂತು ಕೇಳಿ, ಕೂಗಿ ಕೇಳಿ. ಆದರೆ ಕೌಂಟರಿನ ಹಿಂದೆ ಕೂತ ಹುಡುಗಿಯ ಮೇಲೆ ತೀರಿಸಿಕೊಳ್ಳಬೇಡಿ. ಮತ್ತು ಯಾವ ಹಾಳೆಯನ್ನೇ ಆಗಲಿ, ತಲೆಬರಹ ನೋಡಿ ಹರಿಯಬೇಡಿ, ತಲೆಬರಹ ನೋಡಿ ಸಹಿಯನ್ನೂ ಹಾಕಬೇಡಿ. ಕೊನೆಯ ಸಾಲಿನವರೆಗೆ ಓದಿ. ಓದು ಬಾರದಿದ್ದರೆ ನಂಬಿಕೆಯವರಿಂದ ಓದಿಸಿ. ಆಮೇಲೆ ಒಪ್ಪುವುದೋ ಬಿಡುವುದೋ, ಅದನ್ನು ನೀವೇ ಹೇಳಿ.